ಎರಡು ಸಲ ರಿಸರ್ಚ್ ಅಸೋಸಿಯೇಟ್

ಕಳೆದ ದೀಪಾವಳಿಗೆ ಧಾರವಾಡಕ್ಕೆ ಹೋಗಿದ್ದಾಗ, ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ನಮ್ಮ ದೊಡ್ಡಪ್ಪನ ಮೊಮ್ಮಗಳು ಫೋನಿನಲ್ಲಿ ಎರಡು ಉದ್ಯೋಗದ ಜಾಹೀರಾತುಗಳನ್ನು ತೆರೆದು ನನ್ನ ಮುಂದೆ ಹಿಡಿದಳು. "ಅತ್ಯಾ, ಎರಡೂ ಪುಣೆದ್ದ. ಎರಡೂ ರಿಸರ್ಚ್ ಅಸೋಸಿಯೇಟ್. ಒಂದರಾಗ ಎಂ.ಎಸ್ಸಿ. ಸಾಕು ಅಂತಾರ, ಇನ್ನೊಂದರಾಗ ಪಿಎಚ್.ಡಿ. ಬೇಕು ಅಂತಾರ. ಯಾವುದು ಖರೆ?"

ಎರಡೂ ಖರೆ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಆದರೆ ನನ್ನ ಬದುಕಿನಲ್ಲಿ ಎರಡೂ ಖರೆಯೇ ಆಗಿವೆ. ಪುಣೆಯಲ್ಲಿ ಕಳೆದ ಹದಿನೈದು ವರ್ಷಗಳಲ್ಲಿ ನಾನು ಎರಡು ಸಲ ರಿಸರ್ಚ್ ಅಸೋಸಿಯೇಟ್ ಆಗಿದ್ದೇನೆ. ಮೊದಲನೆಯದು 2010ರಲ್ಲಿ, ಎರಡನೆಯದು 2022ರಲ್ಲಿ. ನಡುವೆ ಹನ್ನೆರಡು ವರ್ಷಗಳು, ಸಂಶೋಧನಾ ಫೆಲೋಶಿಪ್‌ಗಾಗಿ ಬರೆದ ಒಂದು ನೆಟ್ ಪರೀಕ್ಷೆ, ಒಂದು ಪಿಎಚ್.ಡಿ. ಇವೆ. ಇಷ್ಟೆಲ್ಲ ದಾಟಿ ಬಂದ ಮೇಲೂ ಗುರುತಿನ ಚೀಟಿಯ ಮೇಲೆ ಅದೇ ಎರಡು ಪದಗಳಿರುವುದನ್ನು ಕಂಡು ನನ್ನ ಅವ್ವ, "ಇಷ್ಟು ಓದಿ ಮತ್ತ ಅಲ್ಲೇ ಬಂದಿ ಅಂದಂಗಾತು" ಎಂದಿದ್ದಳು. ಅವಳ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಅರ್ಧ ಉತ್ತರವಿದೆ.

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ, ರಾತ್ರಿ ಬಸ್ಸಿನಲ್ಲಿ ಬೆಳಗಾವಿ, ಕೊಲ್ಹಾಪುರ, ಸಾತಾರಾಗಳನ್ನು ದಾಟಿ ನಸುಕಿನಲ್ಲಿ ಪುಣೆಯ ಸ್ವಾರಗೇಟ್‌ನಲ್ಲಿ ಇಳಿದಾಗ ನನಗೆ ಇಪ್ಪತ್ತೆರಡು ವರ್ಷ. ಹಿಂಜವಡಿಯ ಕಡೆಗಿದ್ದ ಆ ಕಂಪನಿ, ಹೊರದೇಶದ ಔಷಧ ತಯಾರಕರಿಗೆ ಗುತ್ತಿಗೆಯ ಮೇಲೆ ಪರೀಕ್ಷೆಗಳನ್ನು ಮಾಡಿಕೊಡುತ್ತಿತ್ತು. ಇಂತಹ ಕಂಪನಿಗಳಲ್ಲಿ ಎಂ.ಎಸ್ಸಿ. ಮುಗಿಸಿ ಬಂದವರಿಗೆ ಕೊಡುವ ಮೊದಲ ಅಥವಾ ಎರಡನೆಯ ಮೆಟ್ಟಿಲಿನ ಹೆಸರೇ ರಿಸರ್ಚ್ ಅಸೋಸಿಯೇಟ್. ಕೈಗೆ ತಿಂಗಳಿಗೆ 14,000 ರೂಪಾಯಿ ಬರುತ್ತಿತ್ತು. ಪಾಷಾಣ್‌ನಲ್ಲಿ ಮೂವರು ಹುಡುಗಿಯರು ಹಂಚಿಕೊಂಡ ಒಂದು ಕೋಣೆಗೆ ಅದರಲ್ಲಿ ಕಾಲು ಭಾಗ ಹೋಗುತ್ತಿತ್ತು. (ಬಡಾವಣೆಯ ಹೆಸರು ಕೇಳಿ ಅವ್ವ ಗಾಬರಿಯಾಗಿದ್ದಳು. ನಮ್ಮ ಕಡೆ ಪಾಷಾಣ ಎಂದರೆ ವಿಷ ತಾನೇ!)

ಮೊದಲ ತಿಂಗಳು ಅಲ್ಲಿ ಯಾರೂ ನನಗೆ ಪ್ರಯೋಗ ಕಲಿಸಲಿಲ್ಲ, ಬರೆಯುವುದನ್ನು ಕಲಿಸಿದರು. ಪುಟಸಂಖ್ಯೆ ಮುದ್ರಿಸಿದ, ರಟ್ಟು ಕಟ್ಟಿದ ನೋಟ್‌ಬುಕ್ ಕೊಟ್ಟು, ಅದು ನನ್ನದಲ್ಲ, ಕಂಪನಿಯದು ಎಂದು ಸಹಿ ಹಾಕಿಸಿಕೊಂಡರು. ಪೆನ್ಸಿಲ್ ನಿಷಿದ್ಧ, ಬಿಳಿ ಶಾಯಿ ನಿಷಿದ್ಧ. ತಪ್ಪಾದರೆ ಕೆಳಗಿನ ಅಕ್ಷರ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ದಿನಾಂಕ ಮತ್ತು ಕಾರಣವನ್ನು ಬರೆಯಬೇಕು. ಪುಟದ ಕೆಳಗೆ ಜಾಗ ಉಳಿದರೆ ಅಡ್ಡಗೆರೆ ಎಳೆದು ಮುಚ್ಚಬೇಕು. ಸಂಜೆ ಇನ್ನೊಬ್ಬರು ಓದಿ ಸಾಕ್ಷಿ ಸಹಿ ಹಾಕಬೇಕು. ಒಮ್ಮೆ ಲವಣದ ತೂಕವನ್ನು ನಾನು ನೆನಪಿನಿಂದ ಬರೆದಿದ್ದೆ. ನಮ್ಮ ವಿಭಾಗದ ಮುಖ್ಯಸ್ಥೆ ಪುಟವನ್ನು ತಿರುಗಿಸಿ ನನ್ನೆಡೆಗೆ ಸರಿಸಿ, ತಕ್ಕಡಿಯಿಂದ ಬಂದ ಮುದ್ರಿತ ಚೀಟಿ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದರು. ಇರಲಿಲ್ಲ. ಆ ದಿನದ ಕೆಲಸವನ್ನೆಲ್ಲ ಮತ್ತೆ ಮಾಡಿಸಿದರು. ಆಗ ನನಗೆ ಅದು ಶುದ್ಧ ಗುಮಾಸ್ತಿಕೆಯಾಗಿ ಕಂಡಿತ್ತು. 2011ರಲ್ಲಿ ಭಾರತವು ಒಇಸಿಡಿ ಎಂಬ ಆರ್ಥಿಕ ಸಹಕಾರ ಒಕ್ಕೂಟದ ದೇಶಗಳ ಪರಸ್ಪರ ಮಾನ್ಯತೆಯ ವ್ಯವಸ್ಥೆಗೆ ಪೂರ್ಣವಾಗಿ ಸೇರಿತು. ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಪ್ರಮಾಣಪತ್ರ ಪಡೆದ ಇಲ್ಲಿನ ಪ್ರಯೋಗಾಲಯದ ಸುರಕ್ಷತಾ ಪರೀಕ್ಷೆಗಳನ್ನು ಆ ದೇಶಗಳು ಮತ್ತೆ ಮಾಡಿಸದೆ ಒಪ್ಪಿಕೊಳ್ಳಬೇಕು ಎಂಬುದು ಅದರ ಸಾರ. ಹಾಗಾದ ಮೇಲೆ ನಮ್ಮಲ್ಲಿ ತಪಾಸಣೆಯ ಬಿಗಿ ಇನ್ನೂ ಹೆಚ್ಚಿತು. ಒಂದು ಅಂಕಿಯ ಹಿಂದೆ ಯಾರ ಕೈ, ಯಾವ ತಕ್ಕಡಿ, ಯಾವ ಬಾಟಲಿ ಇತ್ತು ಎಂಬುದನ್ನು ಎರಡು ವರ್ಷದ ನಂತರವೂ ಹೇಳಬಲ್ಲವರಾಗಿರಬೇಕಿತ್ತು. ಮೂರು ವರ್ಷ ಅಲ್ಲಿದ್ದೆ. ಏನನ್ನೂ ಕಂಡುಹಿಡಿಯಲಿಲ್ಲ. ಪರೀಕ್ಷಿಸುತ್ತಿದ್ದ ವಸ್ತುವಿನ ಹೆಸರು ಕೂಡ ನಮಗೆ ಗೊತ್ತಿರುತ್ತಿರಲಿಲ್ಲ, ಅದಕ್ಕೊಂದು ಸಂಕೇತ ಸಂಖ್ಯೆ ಇರುತ್ತಿತ್ತು, ಅಷ್ಟೇ.

ಎರಡನೆಯ ಜಾಹೀರಾತಿನ ರಿಸರ್ಚ್ ಅಸೋಸಿಯೇಟ್ ಬೇರೆ ವಂಶದವನು. ಕೇಂದ್ರ ಸರ್ಕಾರದ ಅನುದಾನದಿಂದ ನಡೆಯುವ ಯೋಜನೆಗಳಲ್ಲಿ ಆ ಹೆಸರಿನ ಹುದ್ದೆಗೆ ಪಿಎಚ್.ಡಿ. ಬೇಕು, ಇಲ್ಲವೇ ಎಂ.ಟೆಕ್., ಎಂ.ಫಾರ್ಮ್. ಮುಂತಾದ ಪದವಿಯ ನಂತರ ಮೂರು ವರ್ಷಗಳ ಅನುಭವ ಮತ್ತು ಪ್ರಕಟವಾದ ಒಂದು ಸಂಶೋಧನಾ ಪ್ರಬಂಧವಾದರೂ ಬೇಕು. ಅದಕ್ಕೆ ಮೂರು ದರ್ಜೆಗಳಿವೆ. 2023ರ ಜನವರಿ 1ರಿಂದ ಅನ್ವಯವಾದ ಪರಿಷ್ಕರಣೆಯ ಪ್ರಕಾರ ತಿಂಗಳಿಗೆ 58,000, 61,000 ಮತ್ತು 67,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಎಂ.ಎಸ್ಸಿ. ಮುಗಿಸಿದವರು ಇಂತಹ ಯೋಜನೆಗೆ ಸೇರುವುದು ಪ್ರಾಜೆಕ್ಟ್ ಅಸೋಸಿಯೇಟ್ ಆಗಿ. ಆ ಹುದ್ದೆಯನ್ನು 2020ರಲ್ಲಿ ಹೊಸದಾಗಿ ನಿಗದಿ ಮಾಡಿದಾಗ ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾದವರಿಗೆ 31,000, ಆಗದವರಿಗೆ 25,000 ಇತ್ತು. ನೆಟ್‌ನಲ್ಲಿ ಫೆಲೋಶಿಪ್ ಸಿಕ್ಕಿ ಪಿಎಚ್.ಡಿ.ಗೆ ಸೇರಿದವರು ಮೊದಲ ಎರಡು ವರ್ಷ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ), ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ); ಈಗ ಕ್ರಮವಾಗಿ 37,000 ಮತ್ತು 42,000. ನಾನು ಸೇರಿದಾಗ ಜೆಆರ್‌ಎಫ್ 25,000 ಇತ್ತು. 2019ರಲ್ಲಿ ಅದು 31,000 ಆಗುವ ಮೊದಲು ದೇಶದ ಸಂಶೋಧನಾ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಬೀದಿಗಿಳಿಯಬೇಕಾಯಿತು.

ಈ ಅಂಕಿಗಳು ಜಾಹೀರಾತಿನಲ್ಲಿ ಚೆನ್ನಾಗಿಯೇ ಕಾಣುತ್ತವೆ. ಆದರೆ ಈ ಹುದ್ದೆ ವ್ಯಕ್ತಿಗೆ ಕೊಟ್ಟದ್ದಲ್ಲ, ಯೋಜನೆಗೆ ಕೊಟ್ಟದ್ದು. ಯೋಜನೆ ಮುಗಿದ ದಿನ ಹುದ್ದೆಯೂ ಮುಗಿಯುತ್ತದೆ. ತುಟ್ಟಿಭತ್ಯೆ ಇಲ್ಲ, ಪಿಂಚಣಿ ಇಲ್ಲ. ಹಣ ಕಂತಿನಲ್ಲಿ ಬರುತ್ತದೆ, ಕಂತು ತಡವಾದರೆ ಸಂಬಳವೂ ತಡ. ಪ್ರತಿ ಮಾರ್ಚ್ ತಿಂಗಳಿನಲ್ಲಿ ಎಕ್ಸ್‌ಟೆನ್ಷನ್ ಪತ್ರಕ್ಕಾಗಿ ಆಡಳಿತ ವಿಭಾಗದ ಬಾಗಿಲು ಕಾಯುವುದು ನಮ್ಮ ಯುಗಾದಿಯ ಆಚರಣೆಯಾಗಿದೆ. ಅರ್ಜಿ ಹಾಕಲು ವಯೋಮಿತಿ ಸಾಮಾನ್ಯವಾಗಿ 35, ಮಹಿಳೆಯರಿಗೆ ಐದು ವರ್ಷದ ಸಡಿಲಿಕೆ. ಅವ್ವ ಪ್ರತಿ ಭಾನುವಾರ ಕೇಳುವ "ಕಾಯಂ ಯಾವಾಗ ಆಗ್ತದ?" ಎಂಬ ಪ್ರಶ್ನೆಗೆ ನಿಜವಾದ ಉತ್ತರವೆಂದರೆ, ಈ ಹುದ್ದೆ ಕಾಯಂ ಆಗುವಂಥದ್ದೇ ಅಲ್ಲ, ಇಲ್ಲಿ ನಿಂತು ಬೇರೊಂದು ಕಾಯಂ ಹುದ್ದೆಗೆ ಅರ್ಜಿ ಹಾಕುತ್ತಿರಬೇಕು. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ.

ಹಾಗಾದರೆ ದಿನವಿಡೀ ಮಾಡುವುದೇನು? ಬಹುಪಾಲು, ಜೀವಕೋಶಗಳನ್ನು ಸಾಕುವುದು. ಮಾತಿಗೆ ಹೇಳುತ್ತಿಲ್ಲ. 37 ಡಿಗ್ರಿ ಶಾಖ, ಶೇಕಡಾ 5 ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ, ಪ್ಲಾಸ್ಟಿಕ್ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಅವು ಬೆಳೆಯುತ್ತವೆ. ತಳ ತುಂಬುವ ಮೊದಲು ಬಿಡಿಸಿ, ಎಣಿಸಿ, ಹೊಸ ಫ್ಲಾಸ್ಕಿಗೆ ಹಂಚಬೇಕು. ಇದಕ್ಕೆ ಪ್ಯಾಸೇಜ್ ಎನ್ನುತ್ತೇವೆ. ಗಣೇಶ ಚತುರ್ಥಿಯಾಗಲಿ ಭಾನುವಾರವಾಗಲಿ ಅವುಗಳಿಗೆ ತಿಳಿಯದು. ವಿಸರ್ಜನೆಯ ದಿನ ರಸ್ತೆಗಳೆಲ್ಲ ಮುಚ್ಚಿದ್ದಾಗ, ಜೀವಕೋಶಗಳ ಪೋಷಕ ದ್ರವವಾದ ಮೀಡಿಯಂ ಬದಲಿಸಲೆಂದು ಔಂಧ್‌ನಿಂದ ನಡೆದುಕೊಂಡು ಹೋಗಿದ್ದೇನೆ. ಉಳಿದ ಸಮಯ ದ್ರವವನ್ನು ಅಳೆದು ಹಾಕುವ ಪಿಪೆಟ್ ಹಿಡಿಯುವುದರಲ್ಲಿ, ಕೆಟ್ಟ ಫ್ರೀಜರಿನ ರಿಪೇರಿಯವನಿಗೆ ಫೋನ್ ಮಾಡುವುದರಲ್ಲಿ, ಖರೀದಿಯ ಇಂಡೆಂಟ್ ತುಂಬುವುದರಲ್ಲಿ, ಹೊರದೇಶದಿಂದ ಬರಬೇಕಾದ ಆ್ಯಂಟಿಬಾಡಿಗಾಗಿ ವಾರಗಟ್ಟಲೆ ಕಾಯುವುದರಲ್ಲಿ, ಹೊಸ ವಿದ್ಯಾರ್ಥಿಗಳಿಗೆ ಕಲಿಸುವುದರಲ್ಲಿ ಕಳೆಯುತ್ತದೆ. ಗೈಡ್ ಅನುದಾನ ತರುತ್ತಾರೆ, ವಿದ್ಯಾರ್ಥಿಗಳು ಪ್ರಬಂಧ ಬರೆದು ಹೋಗುತ್ತಾರೆ. ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಮಾತ್ರ ನಮಗೆ ಗೊತ್ತಿರುತ್ತದೆ.

ಪಿಪೆಟ್ಟಿನ ಮಾತು ಬಂದಾಗ ನನಗೆ ಯಾವಾಗಲೂ 1957 ನೆನಪಾಗುತ್ತದೆ. ಜರ್ಮನಿಯ ಮಾರ್ಬುರ್ಗ್‌ನಲ್ಲಿ ಹೈನ್ರಿಶ್ ಶ್ನಿಟ್ಗರ್ ಎಂಬ ಸಂಶೋಧಕ, ಗಾಜಿನ ಕೊಳವೆಯಲ್ಲಿ ಬಾಯಿಯಿಂದ ದ್ರವ ಎಳೆದು ಎಳೆದು ಬೇಸತ್ತು, ಹೆಬ್ಬೆರಳಿನಿಂದ ಒತ್ತುವ ಮೈಕ್ರೋಪಿಪೆಟ್ಟನ್ನು ಮಾಡಿಕೊಂಡದ್ದು ಆ ವರ್ಷ. ಅದೇ ವರ್ಷ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ್ದವು. ಅದು ಹಳದಿ ಜ್ವರವಿರಬಹುದೇ ಎಂಬ ಭಯದಿಂದ ತನಿಖೆಗೆ ಹೊರಟವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಆರಂಭಿಸಿದ ಆ ಕೇಂದ್ರವೇ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ನಮ್ಮವರು ಮಂಗನ ಕಾಯಿಲೆ ಎನ್ನುವ ರೋಗಕ್ಕೆ ಕಾರಣವಾದ ಹೊಸ ವೈರಸ್ಸನ್ನು ಬೇರ್ಪಡಿಸಿದವರು, ಅದು ಕಾಡಿನ ಉಣುಗುಗಳ ಮೂಲಕ ಹರಡುತ್ತದೆ ಎಂದು ತೋರಿಸಿದವರು ಅವರೇ. ಉಣುಗುಗಳನ್ನು ಆರಿಸಿ, ಜಾತಿವಾರು ವಿಂಗಡಿಸಿ, ಅರೆದು, ಇಲಿಮರಿಗಳಿಗೆ ಚುಚ್ಚಿ, ದಿನವೂ ನೋಡಿ ಬರೆದಿಡುವ ಕೆಲಸ ಅದು. ಆ ವೈರಸ್ಸಿನ ಮೇಲೆ ಕೆಲಸ ಮಾಡಿದ ಪ್ರಯೋಗಾಲಯದ ಸಿಬ್ಬಂದಿಗೇ ಸೋಂಕು ತಗುಲಿದ ಪ್ರಸಂಗಗಳು ದಾಖಲಾಗಿವೆ. ಸಂಸ್ಥೆಯ ಪಾಷಾಣ್ ಆವರಣದ ಮುಂದೆ ಬಸ್ಸು ಹಾಯುವಾಗಲೆಲ್ಲ, ಮಲೆನಾಡಿನ ಹಳ್ಳಿಯೊಂದರ ಜ್ವರದ ಹೆಸರು ಪುಣೆಯ ಯಾರದೋ ನೋಟ್‌ಬುಕ್ಕಿನಲ್ಲಿ ಮೊದಲ ಸಲ ಬರೆಯಲ್ಪಟ್ಟಿರಬೇಕಲ್ಲ ಎಂದುಕೊಳ್ಳುತ್ತೇನೆ.

ನೋಟ್‌ಬುಕ್ಕಿನಿಂದಲೇ ಹೆಸರು ಪಡೆದ ಜೀವಕೋಶವೊಂದು ನಮ್ಮ ಇನ್‌ಕ್ಯುಬೇಟರಿನಲ್ಲಿದೆ. ಹೆಚ್‌ಇಕೆ 293 ಎಂಬ ಆ ಸೆಲ್ ಲೈನ್ (ಪ್ರಯೋಗಾಲಯದಲ್ಲಿ ಬೆಳೆಸುತ್ತಲೇ ಇರಬಹುದಾದ ಜೀವಕೋಶಗಳ ಪೀಳಿಗೆ) ಇಲ್ಲದ ಜೀವಶಾಸ್ತ್ರದ ಪ್ರಯೋಗಾಲಯ ಅಪರೂಪ. 1973ರ ಸುಮಾರಿಗೆ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಫ್ರಾಂಕ್ ಗ್ರಹಾಂ ಅದನ್ನು ಬೆಳೆಸಿದರು. ಹೆಸರಿನಲ್ಲಿರುವ 293 ಅವರ ಪ್ರಯೋಗದ ಕ್ರಮಸಂಖ್ಯೆ. ಅವರು ಎಣಿಸಿ ಬರೆದಿಟ್ಟದ್ದರಿಂದ ನಾವು ಇಂದಿಗೂ ಆ ಸಂಖ್ಯೆಯನ್ನು ಹೇಳುತ್ತಿದ್ದೇವೆ.

ನನ್ನ ಪಿಎಚ್.ಡಿ.ಯ ಮೂರನೆಯ ವರ್ಷ, 2017ರಲ್ಲಿ, ಇದೇ ಜೀವಕೋಶಗಳು ನನಗೆ ಒಂದು ಅದ್ಭುತ ಫಲಿತಾಂಶವನ್ನು ಕೊಟ್ಟವು. ನಾನು ಪರೀಕ್ಷಿಸುತ್ತಿದ್ದ ಸಂಯುಕ್ತವನ್ನು ಸೇರಿಸಿದರೆ ಅವುಗಳ ಬೆಳವಣಿಗೆ ನಿಚ್ಚಳವಾಗಿ ಇಳಿಯುತ್ತಿತ್ತು. ಗೈಡ್ ಸಂತೋಷಪಟ್ಟರು, ನಾನು ಸಮ್ಮೇಳನಕ್ಕೆ ಪೋಸ್ಟರ್ ಸಿದ್ಧಮಾಡಿದೆ. ಆದರೆ ಸಂಯುಕ್ತ ಹಾಕದ ಕಂಟ್ರೋಲ್ ಜೀವಕೋಶಗಳೂ ಹಿಂದಿಗಿಂತ ನಿಧಾನವಾಗಿ ಬೆಳೆಯುತ್ತಿದ್ದವು. ಅದು ಕಣ್ಣಿಗೆ ಬಿದ್ದರೂ ನಾನು ಅದನ್ನು ನೋಡಲು ಇಷ್ಟಪಡಲಿಲ್ಲ ಎನ್ನುವುದು ಹೆಚ್ಚು ಪ್ರಾಮಾಣಿಕವಾದ ಮಾತು. ಕೊನೆಗೆ ಕಿರಿಯ ಸಹೋದ್ಯೋಗಿಯೊಬ್ಬಳು ಮೈಕೋಪ್ಲಾಸ್ಮಾ ಪರೀಕ್ಷೆ ಮಾಡಿಸಿದೆಯಾ ಎಂದು ಕೇಳಿದಳು. ಮಾಡಿಸಿರಲಿಲ್ಲ. ಡಿಎನ್‌ಎಯ ಗುರುತು ಹಿಡಿಯುವ ಪಿಸಿಆರ್ ಪರೀಕ್ಷೆ ಮಾಡಿದಾಗ ಜೆಲ್ಲಿನ ಮೇಲೆ ಇರಬಾರದ ಜಾಗದಲ್ಲಿ, ನನ್ನ ಪ್ರತಿಯೊಂದು ಫ್ಲಾಸ್ಕಿನ ಮಾದರಿಯಲ್ಲೂ, ಒಂದು ಹೊಳೆಯುವ ಪಟ್ಟಿ ಎದ್ದಿತು.

ಮೈಕೋಪ್ಲಾಸ್ಮಾ ಎಂಬುದು ಕೋಶಭಿತ್ತಿಯೇ ಇಲ್ಲದ ಅತಿ ಸಣ್ಣ ಬ್ಯಾಕ್ಟೀರಿಯಾ. ಭಿತ್ತಿ ಇಲ್ಲದ್ದರಿಂದ ಮೀಡಿಯಂಗೆ ರೂಢಿಯಂತೆ ಹಾಕುವ ಪೆನಿಸಿಲಿನ್ ಅದಕ್ಕೆ ನಾಟುವುದಿಲ್ಲ. ಸಣ್ಣದಾದ್ದರಿಂದ ಸೋಸುವ ಫಿಲ್ಟರಿನ ರಂಧ್ರಗಳಲ್ಲೂ ನುಸುಳಬಲ್ಲದು. ಬೇರೆ ಬ್ಯಾಕ್ಟೀರಿಯಾ ಸೇರಿದರೆ ಒಂದೇ ರಾತ್ರಿಯಲ್ಲಿ ಮೀಡಿಯಂ ಕದಡಿ ಹಳದಿಯಾಗಿ ಗೊತ್ತಾಗಿಬಿಡುತ್ತದೆ. ಇದು ಸೇರಿದರೆ ಎಲ್ಲವೂ ತಿಳಿಯಾಗಿಯೇ ಇರುತ್ತದೆ, ಜೀವಕೋಶಗಳ ಆಹಾರವನ್ನು ಮಾತ್ರ ಸದ್ದಿಲ್ಲದೆ ತಿನ್ನುತ್ತಿರುತ್ತದೆ. ಮನುಷ್ಯರ ಬಾಯಿಯಿಂದ, ಅಂದರೆ ಫ್ಲಾಸ್ಕಿನ ಮುಂದೆ ಹರಟುವುದರಿಂದಲೂ ಇದು ಬರುತ್ತದೆ. ನನ್ನ ವಿಷಯದಲ್ಲಿ ಬಂದದ್ದು ಬೇರೊಂದು ಪ್ರಯೋಗಾಲಯದಿಂದ ಉಡುಗೊರೆಯಾಗಿ, ಆಟೋರಿಕ್ಷಾದಲ್ಲಿ ನನ್ನ ತೊಡೆಯ ಮೇಲೆ ಕೂತು ಬಂದ ಒಂದು ಫ್ಲಾಸ್ಕಿನಿಂದ. ಹೊಸದಾಗಿ ಬಂದ ಜೀವಕೋಶಗಳನ್ನು ಪರೀಕ್ಷೆಯಾಗುವವರೆಗೆ ಬೇರೆ ಇನ್‌ಕ್ಯುಬೇಟರಿನಲ್ಲಿ ಇಡಬೇಕು ಎಂಬ ನಿಯಮ ನನಗೆ ಗೊತ್ತಿತ್ತು. ಬೇರೆ ಇನ್‌ಕ್ಯುಬೇಟರ್ ಖಾಲಿ ಇರಲಿಲ್ಲ, ನನಗೆ ಅವಸರವಿತ್ತು.

ಏಳು ತಿಂಗಳ ಕೆಲಸ. ಗೈಡ್ ಬೈಯಲಿಲ್ಲ, ಎಲ್ಲವನ್ನೂ ಬಿಸಾಡಿ ಮತ್ತೆ ಶುರುಮಾಡು ಎಂದರು. ಆ ರಾತ್ರಿ ನೋಟ್‌ಬುಕ್ ತೆರೆದು ಕುಳಿತೆ. ಹಿಂಜವಡಿಯಲ್ಲಿ ಕೈಗೆ ಅಂಟಿದ ಚಟ ಬಿಟ್ಟಿರಲಿಲ್ಲ: ಪ್ರತಿ ಪ್ಯಾಸೇಜಿನ ಸಂಖ್ಯೆ, ಎಷ್ಟು ಗಂಟೆಗೆ ಎಷ್ಟು ಜೀವಕೋಶಗಳಾದವು, ಮೀಡಿಯಂ ಮತ್ತು ಸೀರಮ್‌ನ ಲಾಟ್ ಸಂಖ್ಯೆ, ಇನ್‌ಕ್ಯುಬೇಟರಿನ ಯಾವ ಹಲಗೆ, ಎಲ್ಲವೂ ಅಲ್ಲಿತ್ತು. ಸಹಪಾಠಿಗಳು ಇದನ್ನು ನೋಡಿ ನಗುತ್ತಿದ್ದರು. ಉಡುಗೊರೆಯ ಫ್ಲಾಸ್ಕ್ ಒಳಗೆ ಬಂದದ್ದು ಜೂನ್ 14ರಂದು ಎಂದು ಬರೆದಿತ್ತು. ಅದಕ್ಕೆ ಮೊದಲು ಬೆಳವಣಿಗೆಯ ವೇಗ ಒಂದೇ ಸಮನಾಗಿತ್ತು, ಎರಡು ವಾರದ ನಂತರ ಇಳಿಯತೊಡಗಿತ್ತು. ಆ ದಿನಾಂಕಕ್ಕೆ ಮೊದಲು ದ್ರವ ಸಾರಜನಕದಲ್ಲಿ ಇಟ್ಟಿದ್ದ ಸೀಸೆಗಳನ್ನು ತೆಗೆದು ಪರೀಕ್ಷಿಸಿದೆವು, ಶುದ್ಧವಾಗಿದ್ದವು. ಮೊದಲ ಎರಡೂವರೆ ತಿಂಗಳ ಕೆಲಸ ಹೀಗೆ ಉಳಿಯಿತು. ಉಳಿದ ನಾಲ್ಕೂವರೆ ತಿಂಗಳನ್ನು ಮತ್ತೆ ಮಾಡಿದೆ. ಸಂಯುಕ್ತದ ಅದ್ಭುತ ಪರಿಣಾಮ ಸಾಧಾರಣ ಪರಿಣಾಮವಾಗಿ ಹೊರಬಂದಿತು, ಸಾಧಾರಣ ನಿಯತಕಾಲಿಕವೊಂದರಲ್ಲಿ ಪ್ರಕಟವಾಯಿತು. ಅವ್ವನಿಗೆ ಕೊಡಬಹುದಾದ ಅರ್ಧ ಉತ್ತರ ಎಂದೆನಲ್ಲ, ಅದು ಇದು: ಮೊದಲನೆಯ ರಿಸರ್ಚ್ ಅಸೋಸಿಯೇಟ್ ಗುಮಾಸ್ತಿಕೆ ಕಲಿಯದಿದ್ದರೆ ಎರಡನೆಯವಳು ಇರುತ್ತಿರಲಿಲ್ಲ.

ಪ್ರಬಂಧಗಳಲ್ಲಿ ಹೆಸರು ಬರುವ ವಿಷಯವನ್ನೂ ಹೇಳಬೇಕು, ಏಕೆಂದರೆ ಜಾಹೀರಾತಿನಲ್ಲಿ ಅದು ಇರುವುದಿಲ್ಲ. ಕಂಪನಿಯಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ, ಪ್ರಕಟಣೆ ಎಂಬುದೇ ಕಡಿಮೆ. ಸರ್ಕಾರಿ ಯೋಜನೆಯಲ್ಲಿ ಮುಂದಿನ ಅರ್ಜಿಯೆಲ್ಲ ಹೆಸರಿನ ಮೇಲೆ, ಅದರಲ್ಲೂ ಮೊದಲ ಹೆಸರಿನ ಮೇಲೆ ನಿಂತಿರುತ್ತದೆ. ವಿದ್ಯಾರ್ಥಿಗೆ ಪದವಿಗಾಗಿ ಮೊದಲ ಹೆಸರು ಬೇಕು, ಗೈಡ್ ಹೆಸರು ಕೊನೆಯಲ್ಲಿ ಇರಲೇಬೇಕು, ರಿಸರ್ಚ್ ಅಸೋಸಿಯೇಟ್ ನಡುವೆಲ್ಲೋ ಕುಳಿತುಕೊಳ್ಳುತ್ತಾಳೆ. ಒಮ್ಮೆ ನಾನು ಹೊಂದಿಸಿಕೊಟ್ಟ ವಿಧಾನದಿಂದಲೇ ನಡೆದ ಕೆಲಸವೊಂದರಲ್ಲಿ ನನ್ನ ಹೆಸರು ಕೃತಜ್ಞತೆಯ ಸಾಲಿಗೆ ಇಳಿದಿತ್ತು, ಅದೂ ಕಾಗುಣಿತ ತಪ್ಪಾಗಿ. ಜಗಳವಾಡಲಿಲ್ಲ, ಆಡಬೇಕಿತ್ತು ಎಂದು ಈಗ ಅನಿಸುತ್ತದೆ. ಕೆಲಸ ಶುರುವಾಗುವ ದಿನವೇ ಹೆಸರಿನ ಕ್ರಮವನ್ನು ಕೇಳಿ, ಬರಹದಲ್ಲಿ ಪಡೆಯುವುದನ್ನು ಆಮೇಲೆ ಕಲಿತೆ.

ನನ್ನ ಜೊತೆ ಪಾಷಾಣ್‌ನ ಆ ಕೋಣೆಯಲ್ಲಿದ್ದ ಇಬ್ಬರು ಬೇರೆ ದಾರಿ ಹಿಡಿದರು. ಒಬ್ಬಳು ಕ್ಲಿನಿಕಲ್ ರಿಸರ್ಚ್ ಅಸೋಸಿಯೇಟ್ ಆದಳು. ಹೆಸರು ಒಂದೇ ಬಗೆಯದಾದರೂ ಅದು ಮೂರನೆಯ ವಂಶ: ಅಲ್ಲಿ ಪಿಪೆಟ್ ಇಲ್ಲ. ಔಷಧ ಪ್ರಯೋಗ ನಡೆಯುವ ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಿ, ರೋಗಿಯ ಒಪ್ಪಿಗೆ ಪತ್ರಕ್ಕೆ ಸರಿಯಾದ ದಿನಾಂಕದಲ್ಲಿ ಸಹಿ ಬಿದ್ದಿದೆಯೇ, ವೈದ್ಯರು ಬರೆದದ್ದೂ ಕಂಪ್ಯೂಟರಿಗೆ ಹೋದದ್ದೂ ಒಂದೇ ಆಗಿದೆಯೇ ಎಂದು ತಾಳೆ ನೋಡುವ ಕೆಲಸ. 2009ರಿಂದ ಇಂತಹ ಪ್ರಯೋಗಗಳನ್ನು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯ. ಸಂಬಳ ನನಗಿಂತ ಹೆಚ್ಚು. ತಿಂಗಳಿನ ಅರ್ಧದಷ್ಟು ದಿನಗಳು ರೈಲಿನಲ್ಲಿ. ಇನ್ನೊಬ್ಬಳು ಲಸಿಕೆ ತಯಾರಿಕೆಯ ಗುಣಮಟ್ಟ ವಿಭಾಗಕ್ಕೆ ಸೇರಿದಳು. ಪುಣೆಯಲ್ಲಿ ಲಸಿಕೆ ದೊಡ್ಡ ಉದ್ಯಮ, ಪ್ರತಿ ಬ್ಯಾಚೂ, ತನ್ನ ಮಾದರಿ ಮತ್ತು ದಾಖಲೆಗಳಿಗೆ ಕಸೌಲಿಯ ಕೇಂದ್ರ ಔಷಧ ಪ್ರಯೋಗಾಲಯದ ಒಪ್ಪಿಗೆ ಪಡೆದ ಮೇಲೆಯೇ ಮಾರುಕಟ್ಟೆಗೆ ಬಿಡುಗಡೆಯಾಗಬೇಕು. ಪಾಳಿಯ ಕೆಲಸ, ಆದರೆ ಕಾಯಂ. ಪೇಟೆಂಟ್ ಕೆಲಸ, ವೈದ್ಯಕೀಯ ಬರವಣಿಗೆ, ಉಪಕರಣ ಮಾರುವ ಕಂಪನಿಗಳಲ್ಲಿ ತರಬೇತುದಾರರಾಗುವುದು ಇವೂ ಇವೆ. ದೊಡ್ಡ ಸಂಸ್ಥೆಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರಿನಂತಹ ಯಂತ್ರವನ್ನು ನೋಡಿಕೊಳ್ಳುವ ತಾಂತ್ರಿಕ ಅಧಿಕಾರಿಯ ಹುದ್ದೆ ನನ್ನ ಪಾಲಿಗೆ ಇವೆಲ್ಲಕ್ಕಿಂತ ಮೇಲು, ಏಕೆಂದರೆ ಕೈಯ ಕೌಶಲಕ್ಕೆ ಕಾಯಂ ಜಾಗ ಕೊಟ್ಟಿರುವುದು ಅಲ್ಲಿ ಮಾತ್ರ. ಖಾಲಿ ಜಾಗಗಳೇ ಅಪರೂಪ. ನಾನು ಎರಡು ಸಲ ಅರ್ಜಿ ಹಾಕಿದ್ದೇನೆ.

ದೊಡ್ಡಪ್ಪನ ಮೊಮ್ಮಗಳಿಗೆ ಹೇಳಿದ್ದು ಇಷ್ಟು. ಪಿಎಚ್.ಡಿ. ಮಾಡುವ ಆಸೆ ಇನ್ನೂ ಗಟ್ಟಿಯಾಗಿರದಿದ್ದರೆ ಮೊದಲ ಜಾಹೀರಾತಿಗೆ ಅರ್ಜಿ ಹಾಕು, ಎರಡು ವರ್ಷ ಸಾಕು, ಮೂರನೆಯ ವರ್ಷ ಅಲ್ಲಿ ಕಲಿಯುವುದು ಉಳಿದಿರುವುದಿಲ್ಲ. ಸಂದರ್ಶನದಲ್ಲಿ ಅವರು ನಿನ್ನನ್ನು ಕೇಳಿದಷ್ಟೇ ನೀನೂ ಅವರನ್ನು ಕೇಳು: ಯೋಜನೆಯ ಹಣ ಯಾವ ತಿಂಗಳವರೆಗೆ ಇದೆ, ಹಿಂದಿನವರು ಯಾಕೆ ಬಿಟ್ಟರು, ಅವರ ನೋಟ್‌ಬುಕ್ ಎಲ್ಲಿದೆ. ಕೊನೆಯ ಪ್ರಶ್ನೆಗೆ ಅವಳು ನಕ್ಕಳು.

ಈ ಮಾರ್ಚ್ 31ಕ್ಕೆ ನನ್ನ ಯೋಜನೆ ಮುಗಿಯುತ್ತದೆ. ಮುಂದಿನದಕ್ಕೆ ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ. ಆದ್ದರಿಂದ ಕಳೆದ ವಾರದಿಂದ, ಹೊಸದಾಗಿ ಸೇರಿದ ಸಾಂಗ್ಲಿ ಕಡೆಯ ಹುಡುಗನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೈನಸ್ 80ರ ಫ್ರೀಜರಿನ ನಕ್ಷೆಯನ್ನು ಬರೆಸುತ್ತಿದ್ದೇನೆ: ಯಾವ ಹಲಗೆ, ಯಾವ ಡಬ್ಬಿ, ಯಾವ ಗುಳಿ. ಮೂರನೆಯ ಹಲಗೆಯ ಡಬ್ಬಿಯೊಂದರಿಂದ ಅವನು ಮಂಜು ಕಟ್ಟಿದ ಸಣ್ಣ ಟ್ಯೂಬ್ ಎತ್ತಿ, ಇದು ಗೊತ್ತು ಮೇಡಂ, ಪ್ರತಿ ತಿಂಗಳ ಮೈಕೋಪ್ಲಾಸ್ಮಾ ಪರೀಕ್ಷೆಗೆ ನಾವು ಬಳಸುವ ಪಾಸಿಟಿವ್ ಕಂಟ್ರೋಲ್, ಅಂದರೆ ಮೈಕೋಪ್ಲಾಸ್ಮಾ ಇದ್ದೇ ಇರುವ ಮಾದರಿ, ಇದನ್ನು ಎಲ್ಲಿಂದ ತರಿಸುತ್ತೀರಿ, ಇಂಡೆಂಟ್ ಹಾಕಬೇಕಾದರೆ ಕ್ಯಾಟಲಾಗ್ ಸಂಖ್ಯೆ ಏನು ಎಂದು ಕೇಳಿದ. ತರಿಸುವುದಿಲ್ಲ, ಇಲ್ಲಿಯದೇ ಎಂದೆ. ಅವನು ಮಂಜನ್ನು ಹೆಬ್ಬೆರಳಿನಿಂದ ಒರೆಸಿ, ಟ್ಯೂಬಿನ ಮೇಲೆ ನನ್ನ ಅಕ್ಷರದಲ್ಲಿದ್ದ ಹೆಸರಿನ ಮೊದಲಕ್ಷರಗಳನ್ನೂ 2017 ಎಂಬ ವರ್ಷವನ್ನೂ ಓದಿದ. ಆಮೇಲೆ ನಕ್ಷೆಯಲ್ಲಿ ಹಲಗೆ 3, ಡಬ್ಬಿ 6, ಗುಳಿ 41 ಎಂದು ಬರೆದುಕೊಂಡ.